ತಾಸ್ಸೋ: ಹುಚ್ಚು ಪ್ರೇಮಿಯ ಕತೆ ಬಿಟ್ಟು ಕಾವ್ಯದ ಬಗ್ಗೆ ಮಾತಾಡೋಣವೇ?

ಹಳೆಹೊತ್ತಗೆ:

ಇಟಲಿಯ ಕವಿ ತೊರ್ಕ್ವಾತೊ ತಾಸ್ಸೋ ಹೆಸರು ಎಲ್ಲಿ ಬಂದರೂ ಅದರ ಹಿಂದೆ ಒಂದೇ ಕತೆ ಬರುತ್ತದೆ. ಫೆರಾರಾ ಅರಮನೆಯಲ್ಲಿ ಲಿಯೊನೋರಾ ಎಂಬ ರಾಜಕುಮಾರಿಗೆ ಮನಸೋತ. ಅವಳ ಅಣ್ಣ, ದೊರೆ ಎರಡನೇ ಅಲ್ಫೊನ್ಸೊ, ಸಿಟ್ಟಾಗಿ ಕವಿಗೆ ಹುಚ್ಚು ಎಂದು ಹೇಳಿ ಆಸ್ಪತ್ರೆಯಲ್ಲಿ ಕೂಡಿಹಾಕಿಸಿದ. ಗಯಟೆ ಇದರ ಮೇಲೆ ನಾಟಕ ಬರೆದ, ಬೈರನ್ ಪದ್ಯ ಬರೆದ, ದೊನಿಜೆಟ್ಟಿ ಒಪೆರಾ ಮಾಡಿದ. ಈ ಪ್ರೇಮಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ. ಕವಿಯ ಕೊನೆಗಾಲದ ಗೆಳೆಯ ಮಾನ್ಸೊ ಬರೆದ ಜೀವನಚರಿತ್ರೆ 1621ರಲ್ಲಿ ಅಚ್ಚಾಯಿತು. ಕತೆ ಬೆಳೆಯುವುದಕ್ಕೆ ಅದೂ ಒಂದು ಕಾರಣ.

ನನ್ನನ್ನು ಕಾಡುವುದು ಬೇರೆಯೇ ಸಂಗತಿ. ಈ ಮನುಷ್ಯ ಹೆದರಿದ್ದು ತನ್ನದೇ ಕಾವ್ಯಕ್ಕೆ.

'ಜೆರುಸಲೆಮ್ಮೆ ಲಿಬೆರಾತಾ' (ಬಿಡುಗಡೆಯಾದ ಜೆರುಸಲೇಮ್) ಬರೆದು ಮುಗಿಸಿದ್ದು 1575ರಲ್ಲಿ. 1099ರಲ್ಲಿ ಮೊದಲ ಕ್ರುಸೇಡಿನ, ಅಂದರೆ ಮುಸ್ಲಿಮರ ವಿರುದ್ಧ ಕ್ರೈಸ್ತರು ಹೂಡಿದ ಧರ್ಮಯುದ್ಧದ, ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿ ಗೆದ್ದ ಕತೆ. 20 ಸರ್ಗ, 1,900ಕ್ಕೂ ಜಾಸ್ತಿ ಪದ್ಯ. ಕವಿಗೆ ಆಗ 31 ವರ್ಷ. ಸೀದಾ ಅಚ್ಚಿಗೆ ಕೊಡಬಹುದಿತ್ತು. ಅವನು ರೋಮಿನಲ್ಲಿದ್ದ ಕೆಲವು ವಿದ್ವಾಂಸರಿಗೆ ಕಳಿಸಿ, ತಪ್ಪು ಹುಡುಕಿಕೊಡಿ ಎಂದು ತಾನೇ ಕೇಳಿಕೊಂಡ. ಸಿಪಿಯೋನೆ ಗೊನ್ಜಾಗಾ, ಸ್ಪೆರೋನೆ ಸ್ಪೆರೋನಿ, ಸಿಲ್ವಿಯೊ ಆಂತೋನಿಯಾನೊ ಇವರೆಲ್ಲ ಆ ಗುಂಪಿನಲ್ಲಿದ್ದರು. ಅವರು ಹುಡುಕಿಕೊಟ್ಟರು ಕೂಡ. ಪ್ರೇಮ ಜಾಸ್ತಿಯಾಯಿತು, ಮಾಯೆ ಮಂತ್ರ ಜಾಸ್ತಿಯಾಯಿತು, ಎರಡನೇ ಸರ್ಗದ ಸೊಫ್ರೋನಿಯಾ–ಒಲಿಂದೊ ಪ್ರಸಂಗ ಕತೆಗೆ ಅಂಟಿಕೊಂಡಿಲ್ಲ, ಹೀಗೆ. ಆಂತೋನಿಯಾನೊ ಪಾದ್ರಿ. ಈ ಕಾವ್ಯವನ್ನು ವೀರರಷ್ಟೇ ಅಲ್ಲ, ಸನ್ಯಾಸಿಗಳೂ ಸನ್ಯಾಸಿನಿಯರೂ ಓದುವಂತಿರಬೇಕು ಎಂಬುದು ಅವನ ಬಯಕೆ ಎಂದು ತಾಸ್ಸೋನೇ ಪತ್ರದಲ್ಲಿ ಬರೆದಿದ್ದಾನೆ.

ಆ ಪತ್ರಗಳನ್ನು ಓದುವಾಗ ಹೊಟ್ಟೆ ಕಿವುಚುತ್ತದೆ. ಒಂದು ದಿನ ವಾದ ಮಾಡುತ್ತಾನೆ, ಇನ್ನೊಂದು ದಿನ ಒಪ್ಪಿಕೊಳ್ಳುತ್ತಾನೆ. ಪ್ರೇಮ, ಮಾಯೆಗಳನ್ನು ಉಳಿಸಿಕೊಳ್ಳಲು ಇಡೀ ಕಾವ್ಯಕ್ಕೆ ಒಂದು ಸಾಂಕೇತಿಕ ಅರ್ಥ ಹೊಂದಿಸಿದ. ಬರೆಯಲು ಶುರು ಮಾಡಿದಾಗ ಈ ಅರ್ಥ ತನ್ನ ತಲೆಯಲ್ಲಿ ಇರಲೇ ಇಲ್ಲ ಎಂದು ಗೊನ್ಜಾಗಾಗೆ ಹೇಳಿಯೂ ಬಿಟ್ಟ.

ಯಾರಾದರೂ ಇವನನ್ನು ಓದಿದ್ದೀರಾ? ಅನುವಾದದಲ್ಲಾದರೂ ಸರಿ. ನಿಮಗೆ ಏನನ್ನಿಸಿತು ಹೇಳಿ.

ಮಂಜಿನಹನಿ:

ನಾನು ಹೆಸರು ಮಾತ್ರ ಕೇಳಿದ್ದೆ ಸರ್. ಮೊದಲು ಆತ ಎಲ್ಲಿಯವನು, ಮನೆತನ ಏನು ಅಂತ ಸ್ವಲ್ಪ ಹೇಳ್ತೀರಾ? ನನ್ನಂಥವರಿಗೆ ಅನುಕೂಲ ಆಗುತ್ತೆ.

ತುಂಗಾತೀರ:

ನಾನು ಹೇಳ್ತೀನಿ, ಹೊತ್ತಗೆಯವರು ಆಮೇಲೆ ಸೇರಿಸಲಿ.

ಹುಟ್ಟಿದ್ದು ನೇಪಲ್ಸ್ ಹತ್ತಿರದ ಸೊರೆಂಟೊದಲ್ಲಿ, 1544ರ ಮಾರ್ಚ್ 11ರಂದು. ತಂದೆ ಬೆರ್ನಾರ್ದೊ ತಾಸ್ಸೋ ಬೆರ್ಗಮೊ ಮನೆತನದವನು. ಅವನೂ ಹೆಸರಾದ ಕವಿ, ಸಲೆರ್ನೊ ರಾಜಕುಮಾರ ಫೆರಾಂತೆ ಸಾನ್ಸೆವೆರೀನೊ ಬಳಿ ಕಾರ್ಯದರ್ಶಿ. ನೇಪಲ್ಸ್ ಆಗ ಸ್ಪೇನಿನ ಕೈಯಲ್ಲಿತ್ತು. ಸ್ಪೇನಿನ ಮಾದರಿಯ, ಧರ್ಮದ್ರೋಹ ಹುಡುಕಿ ಶಿಕ್ಷಿಸುವ ಇನ್‌ಕ್ವಿಸಿಷನ್ ಅನ್ನು ಅಲ್ಲಿಗೂ ತರಲು ಹೊರಟಾಗ ಸಾನ್ಸೆವೆರೀನೊ ವಿರೋಧಿಸಿದ. ಕೊನೆಗೆ ಅವನನ್ನು ದ್ರೋಹಿ ಎಂದು ಸಾರಿ ಆಸ್ತಿ ಮುಟ್ಟುಗೋಲು ಹಾಕಿಕೊಂಡರು. ಅವನ ಜೊತೆ ಬೆರ್ನಾರ್ದೊನೂ ದೇಶ ಬಿಟ್ಟ.

ಹುಡುಗನಿಗೆ ಹತ್ತು ವರ್ಷ ಆದಾಗ ಅವನನ್ನು ತಂದೆಯ ಹತ್ತಿರ ರೋಮಿಗೆ ಕಳಿಸಿದರು. ತಾಯಿ ಪೋರ್ಸಿಯಾ ಮತ್ತು ಅಕ್ಕ ಕೊರ್ನೇಲಿಯಾ ನೇಪಲ್ಸ್‌ನಲ್ಲೇ ಉಳಿದರು. ತಾಯಿಯ ಅಣ್ಣತಮ್ಮಂದಿರು ಅವಳಿಗೆ ಬರಬೇಕಾದ ವರದಕ್ಷಿಣೆ ಹಣ ಕೊಡದೆ ಸತಾಯಿಸುತ್ತಿದ್ದರು. 1556ರಲ್ಲಿ ಆಕೆ ಇದ್ದಕ್ಕಿದ್ದಂತೆ ತೀರಿಕೊಂಡಳು. ವಿಷ ಹಾಕಿರಬೇಕು ಎಂದು ಬೆರ್ನಾರ್ದೊಗೆ ಅನುಮಾನ. ಮಗ ತಾಯಿಯನ್ನು ಮತ್ತೆ ನೋಡಲೇ ಇಲ್ಲ. ಮುಂದೆ ಮೆತಾವ್ರೊ ನದಿಗೆ ಬರೆದ, ಅರ್ಧಕ್ಕೇ ನಿಂತ ಒಂದು ಹಾಡಿನಲ್ಲಿ ತಾಯಿಯ ಎದೆಯಿಂದ ತನ್ನನ್ನು ಕಿತ್ತುಕೊಂಡ ಆ ದಿನವನ್ನು, ಅವಳ ಕಣ್ಣೀರು ಬೆರೆತ ಮುತ್ತುಗಳನ್ನು ನೆನೆಯುತ್ತಾನೆ. ಓದಿದರೆ ಗಂಟಲು ಕಟ್ಟುತ್ತದೆ.

ಆಮೇಲೆ ಊರಿಂದ ಊರಿಗೆ. ಉರ್ಬಿನೊ, ವೆನಿಸ್, ಪಾದುವಾ. ಅಪ್ಪ ಕಾನೂನು ಓದು ಎಂದ, ಮಗ ಹದಿನೆಂಟಕ್ಕೇ 'ರಿನಾಲ್ದೊ' ಎಂಬ 12 ಸರ್ಗದ ಕಾವ್ಯ ಅಚ್ಚು ಹಾಕಿಸಿದ. ಅದು 1562. 1565ರಲ್ಲಿ ಫೆರಾರಾಕ್ಕೆ ಬಂದ. ಮೊದಲು ಕಾರ್ಡಿನಲ್ ಲುಯಿಜಿ ದೆಸ್ತೆ ಬಳಿ, 1572ರಿಂದ ದೊರೆ ಅಲ್ಫೊನ್ಸೊ ಬಳಿ. ಮರುವರ್ಷ 'ಅಮಿಂತಾ' ಎಂಬ ಕುರುಬರ ನಾಟಕ ಬರೆದ. ಪೋ ನದಿಯ ಬೆಲ್ವೆದೇರೆ ದ್ವೀಪದಲ್ಲಿ ಅದನ್ನು ಆಡಿದರು. ಅವನ ಬದುಕಿನ ಸುಖದ ಕಾಲ ಅಂದರೆ ಅದೊಂದೇ ಅನ್ನಿಸುತ್ತದೆ.

ಗಡಿನಾಡಿಗ:

ಒಂದು ನೇರ ಪ್ರಶ್ನೆ. ಯಾರೂ ತಪ್ಪು ತಿಳಿಯಬೇಡಿ. ಕ್ರುಸೇಡನ್ನು ಹಾಡಿ ಹೊಗಳುವ ಕಾವ್ಯ ಇದು. ಒಂದು ಕಡೆ ದೇವದೂತರು, ಇನ್ನೊಂದು ಕಡೆ ನರಕದ ದೆವ್ವಗಳು. ನಾಲ್ಕನೇ ಸರ್ಗದಲ್ಲಿ ನರಕದ ಸಭೆಯೇ ಸೇರಿ ಮುಸ್ಲಿಮರಿಗೆ ಸಹಾಯ ಮಾಡಲು ತೀರ್ಮಾನಿಸುತ್ತದೆ. 1099ರಲ್ಲಿ ಆ ಊರಲ್ಲಿ ನಡೆದ ಕಗ್ಗೊಲೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಇದನ್ನು ಸುಮ್ನೆ ಒಳ್ಳೆ ಕಾವ್ಯ ಅಂತ ಓದಿಕೊಂಡು ಹೋಗಬೇಕಾ?

ಹಳೆಹೊತ್ತಗೆ:

ಕೇಳಲೇಬೇಕಾದ ಪ್ರಶ್ನೆ ಇದು. ಕಾವ್ಯದ ಚೌಕಟ್ಟು ನೀವು ಹೇಳಿದ ಹಾಗೇ ಇದೆ, ಅದನ್ನು ಮುಚ್ಚಿಡುವಂತಿಲ್ಲ. ತಾಸ್ಸೋ ನಂಬಿಕಸ್ಥ ಕ್ರೈಸ್ತ. ಅದೂ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ಮುಗಿದ ಮೇಲಿನ ಬಿಗಿ ಕಾಲದವನು. 1571ರಲ್ಲಿ ಲೆಪಾಂಟೊ ಸಮುದ್ರಯುದ್ಧ ನಡೆದು ತುರ್ಕರ ಭಯ ಎಲ್ಲರ ಬಾಯಲ್ಲೂ ಇತ್ತು.

ಆದರೆ ಚೌಕಟ್ಟಿನ ಒಳಗೆ ಏನಾಗುತ್ತದೆ ನೋಡಿ.

ಹತ್ತೊಂಬತ್ತನೇ ಸರ್ಗ. ಊರು ಬಿದ್ದಿದೆ. ಮುಸ್ಲಿಂ ವೀರ ಅರ್ಗಾಂತೆ ಮತ್ತು ಕ್ರೈಸ್ತ ವೀರ ತಾಂಕ್ರೇದಿ ಇಬ್ಬರೇ ಕಾದಾಡಲು ಕೋಟೆಯಾಚೆ ಬಂದಿದ್ದಾರೆ. ಅರ್ಗಾಂತೆ ತಡೆದು ನಿಂತು ಊರಿನ ಕಡೆ ತಿರುಗಿ ನೋಡುತ್ತಾನೆ. ಏನು, ಹೆದರಿಕೆಯಾಯಿತಾ ಎಂದು ತಾಂಕ್ರೇದಿ ಕೆಣಕುತ್ತಾನೆ. ಅರ್ಗಾಂತೆ ಹೇಳುವುದು ಇಷ್ಟು: ಈ ನಗರದ ಬಗ್ಗೆ ಯೋಚಿಸುತ್ತಿದ್ದೇನೆ, ಜುದೇಯಾ ರಾಜ್ಯದ ಪುರಾತನ ರಾಣಿ ಇವಳು, ಈಗ ಸೋತು ಬೀಳುತ್ತಿದ್ದಾಳೆ, ತಡೆಯಲು ನನ್ನಿಂದ ಆಗಲಿಲ್ಲ. ಅಲ್ಲಿಯವರೆಗೆ ಅವನು ಬರೀ ಉರಿಯುವ ಕೋಪದ ಮನುಷ್ಯ. ಸಾಯುವ ಮೊದಲು ಕವಿ ಅವನಿಗೆ ಕೊಟ್ಟ ಮಾತು ಇದು.

ಅದೇ ಸರ್ಗದಲ್ಲಿ ಕಗ್ಗೊಲೆಯೂ ಇದೆ. ಹೆಣಗಳ ರಾಶಿ. ಕೂದಲು ಕೆದರಿದ ತಾಯಂದಿರು ಕೂಸುಗಳನ್ನು ಎದೆಗೆ ಅವುಚಿಕೊಂಡು ಓಡುತ್ತಾರೆ. ಗೆದ್ದವರು ಲೂಟಿ ಹೊತ್ತುಕೊಂಡು ಹುಡುಗಿಯರ ಜಡೆ ಹಿಡಿದು ಎಳೆಯುತ್ತಾರೆ. ಎಳೆಯುತ್ತಿರುವವರು ಕವಿಯ ಪಕ್ಷದವರೇ. ಅವರಿಗೆ ಅವನು ಕೊಡುವ ಹೆಸರು ಲೂಟಿಕೋರರು.

ಕೊನೆಯ ಸರ್ಗದಲ್ಲಿ ಮುಸ್ಲಿಂ ಪಡೆಯ ಸುಲ್ತಾನ ಸೊಲಿಮಾನೊ ದಾವಿದನ ಗೋಪುರದ ತುದಿ ಹತ್ತಿ ಕೆಳಗಿನ ಯುದ್ಧ ನೋಡುತ್ತಾನೆ. ರಂಗಮಂದಿರದಲ್ಲಿ ಕೂತು ನೋಡಿದ ಹಾಗೆ ಮನುಷ್ಯರ ಪಾಡಿನ ಕಟು ದುರಂತವನ್ನು ನೋಡಿದ ಎನ್ನುತ್ತದೆ ಪದ್ಯ. ಇಡೀ ಕಾವ್ಯಕ್ಕೇ ಎತ್ತರದ ಜಾಗ ಅದು. ಅಲ್ಲಿ ನಿಲ್ಲಿಸಿದ್ದು ಯಾರನ್ನು? ಸೋಲಲಿರುವ ಶತ್ರುವನ್ನು. ರೋಮಿನವರು ಕಾವ್ಯದಲ್ಲಿ ಕಂಡ ಅಪಾಯಕ್ಕಿಂತ ದೊಡ್ಡದು ಇದು, ಅವರ ಕಣ್ಣಿಗೆ ಪ್ರೇಮದ ಸರ್ಗಗಳೇ ಜಾಸ್ತಿ ಬಿದ್ದವು ಅಂತ ನನಗೆ ಅನ್ನಿಸುತ್ತದೆ.

ಗಡಿನಾಡಿಗ:

ಅರ್ಗಾಂತೆಯ ಮಾತು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತು. ಸೋತವರ ಬಗ್ಗೆ ಮರುಕ ತೋರಿಸುವುದು ಗೆದ್ದವರಿಗೆ ಸುಲಭ. ಆ ಮರುಕವೂ ಗೆಲುವಿನ ಒಂದು ಭಾಗವೇ ಆಗಬಹುದು. ಕ್ಲೊರಿಂದಾ ಸಾಯುವಾಗ ಕ್ರೈಸ್ತಳಾಗುತ್ತಾಳೆ, ಮಾಯಗಾತಿ ಅರ್ಮಿದಾ ಕೊನೆಯಲ್ಲಿ ಕ್ರೈಸ್ತ ವೀರ ರಿನಾಲ್ದೊಗೆ ನಾನು ನಿನ್ನ ದಾಸಿ ಅನ್ನುತ್ತಾಳೆ. ಇಷ್ಟವಾದ ಶತ್ರುಗಳನ್ನೆಲ್ಲ ಕವಿ ಕೊನೆಗೆ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಅಲ್ವಾ?

ರಾಗಮಾಲೆ:

ಗಡಿನಾಡಿಗ ಅವರ ಮಾತು ಅರ್ಮಿದಾ ವಿಷಯದಲ್ಲಿ ನಿಜ. ಆ ದಾಸಿ ಎನ್ನುವ ಮಾತು ಮೇರಿ ದೇವದೂತನಿಗೆ ಹೇಳಿದ ಮಾತು. ಅದನ್ನು ಮಾಯಗಾತಿಯ ಬಾಯಲ್ಲಿ ಇಟ್ಟಿದ್ದು ನನಗೂ ಇಷ್ಟ ಆಗಲಿಲ್ಲ. ಆದರೆ ಕ್ಲೊರಿಂದಾ ವಿಷಯದಲ್ಲಿ ನಾನು ಒಪ್ಪಲ್ಲ. ಹನ್ನೆರಡನೇ ಸರ್ಗವನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ತಾಳ್ಮೆ ಇರಲಿ.

ಕ್ಲೊರಿಂದಾ ಮುಸ್ಲಿಂ ಪಡೆಯ ವೀರಳು. ತಾಂಕ್ರೇದಿ ಅವಳನ್ನು ಒಮ್ಮೆ ನೋಡಿ ಸೋತುಹೋಗಿದ್ದಾನೆ, ಅವಳಿಗೆ ಅವನ ಮೇಲೆ ಏನೂ ಇಲ್ಲ. ಆ ರಾತ್ರಿ ಅವಳು, ಅರ್ಗಾಂತೆ ಇಬ್ಬರೂ ಕ್ರೈಸ್ತರ ಮುತ್ತಿಗೆ ಗೋಪುರ ಸುಡಲು ಹೊರಡುತ್ತಾರೆ. ಯಾರಿಗೂ ಗುರುತು ಸಿಗಬಾರದು ಅಂತ ಬೆಳ್ಳಿ ಕವಚ ಬಿಟ್ಟು ತುಕ್ಕು ಹಿಡಿದ ಕಪ್ಪು ಕವಚ ತೊಡುತ್ತಾಳೆ. ಹೊರಡುವ ಮುಂಚೆ ಅವಳನ್ನು ಸಾಕಿದ ಮುದುಕ ಅರ್ಸೇತೆ ಹುಟ್ಟಿನ ಗುಟ್ಟು ಹೇಳುತ್ತಾನೆ. ಅವಳು ಇಥಿಯೋಪಿಯಾದ ಕ್ರೈಸ್ತ ರಾಣಿಯ ಮಗಳು. ಕಪ್ಪು ತಾಯಿಗೆ ಬಿಳಿ ಮಗು ಹುಟ್ಟಿತು. ತಾಯಿ ಬಸುರಿನಲ್ಲಿ ದಿನಾ ನೋಡುತ್ತಿದ್ದ ಗೋಡೆಯ ಚಿತ್ರದಲ್ಲಿ ಸಂತ ಜಾರ್ಜ್ ಕಾಪಾಡುತ್ತಿದ್ದ ಬಿಳಿ ಕನ್ಯೆ ಇದ್ದಳಂತೆ. ಗಂಡ ಅನುಮಾನಿಸುತ್ತಾನೆ ಎಂಬ ಹೆದರಿಕೆಗೆ ರಾಣಿ ಮಗುವನ್ನು ಅರ್ಸೇತೆ ಕೈಗೆ ಕೊಟ್ಟು ಕಳಿಸಿದಳು. ದಾರಿಯಲ್ಲಿ ಒಂದು ಹೆಣ್ಣುಹುಲಿ ಬಂದು ಹಾಲೂಡಿಸಿತು.

ಗೋಪುರ ಸುಟ್ಟರು. ವಾಪಸು ಬರುವಾಗ ಕೋಟೆ ಬಾಗಿಲು ಮುಚ್ಚಿತು, ಅವಳೊಬ್ಬಳು ಹೊರಗೆ ಉಳಿದಳು. ತಾಂಕ್ರೇದಿ ಯಾರೋ ಗಂಡಸು ಅಂದುಕೊಂಡು ಬೆನ್ನು ಹತ್ತಿದ. ಕತ್ತಲಲ್ಲಿ ಕಾದಾಟ. ಕತ್ತಿಯ ವರಸೆಗೆ ಜಾಗವೇ ಇಲ್ಲ, ಹಿಡಿಕೆಯಿಂದ ಗುದ್ದುತ್ತಾರೆ, ಶಿರಸ್ತ್ರಾಣದಿಂದ ಡಿಕ್ಕಿ ಹೊಡೆಯುತ್ತಾರೆ. ನಡುವೆ ಸುಸ್ತಾಗಿ ಕತ್ತಿ ಊರಿಕೊಂಡು ನಿಂತಾಗ ತಾಂಕ್ರೇದಿ ಹೆಸರು ಕೇಳುತ್ತಾನೆ. ಅವಳು ಹೇಳಲ್ಲ. ಗೋಪುರ ಸುಟ್ಟ ಇಬ್ಬರಲ್ಲಿ ನಾನೊಬ್ಬ ಎನ್ನುತ್ತಾಳೆ, ಅಷ್ಟೇ. ಹೆಸರು ಹೇಳಿದ್ದರೆ ಕಾಳಗ ಅಲ್ಲಿಗೇ ನಿಲ್ಲುತ್ತಿತ್ತು.

ಬೆಳಗಿನ ಜಾವ ಅವಳು ಬೀಳುತ್ತಾಳೆ. ನೀನು ಗೆದ್ದೆ ಗೆಳೆಯ, ನಾನು ಕ್ಷಮಿಸಿದ್ದೇನೆ, ನೀನೂ ಕ್ಷಮಿಸು, ದೀಕ್ಷಾಸ್ನಾನ ಕೊಡು ಎನ್ನುತ್ತಾಳೆ. ಅವನು ಹತ್ತಿರದ ತೊರೆಯಿಂದ ಶಿರಸ್ತ್ರಾಣದಲ್ಲಿ ನೀರು ತುಂಬಿಕೊಂಡು ಬಂದು, ನಡುಗುವ ಕೈಯಲ್ಲಿ ಅವಳ ಮುಖದ ಕವಚ ತೆಗೆಯುತ್ತಾನೆ. ಕಂಡ, ಗುರುತು ಹಿಡಿದ, ಮಾತೂ ಚಲನೆಯೂ ನಿಂತುಹೋಯಿತು. ಪದ್ಯದಲ್ಲಿ ಇಷ್ಟೇ ಇದೆ.

ಗಡಿನಾಡಿಗ ಅವರೇ, ಇಲ್ಲಿ ಗೆದ್ದವರು ಯಾರು? ಮತಾಂತರದಿಂದ ತಾಂಕ್ರೇದಿಗೆ ಸಮಾಧಾನ ಸಿಗುವುದಿಲ್ಲ. ಮುಂದಿನ ಸರ್ಗದಲ್ಲಿ ಮಾಯದ ಕಾಡಿನ ಮರಕ್ಕೆ ಕತ್ತಿ ಬೀಸುತ್ತಾನೆ, ಮರದಿಂದ ರಕ್ತ ಬರುತ್ತದೆ, ಅವಳದೇ ದನಿ ಅಳುತ್ತದೆ. ಎರಡನೇ ಸಲ ಕೊಂದ ಹಾಗಾಯಿತು. ಫ್ರಾಯ್ಡ್ 1920ರ ತನ್ನ ಪುಸ್ತಕದಲ್ಲಿ ಮನುಷ್ಯ ಅದೇ ಗಾಯವನ್ನು ಮತ್ತೆ ಮತ್ತೆ ಅನುಭವಿಸುವುದಕ್ಕೆ ಕೊಟ್ಟ ಉದಾಹರಣೆ ಇದೇ.

ಮಂಜಿನಹನಿ:

ಮೇಡಂ, ಬಸ್ಸಿನಲ್ಲಿ ಕೂತು ಓದಿದೆ. ಅದು ಹಾಡಾಗಿಯೂ ಇದೆಯಂತೆ ಹೌದಾ?

ರಾಗಮಾಲೆ:

ಇದೆ. ಅದರ ಮೂಲಕವೇ ನಾನು ತಾಸ್ಸೋ ಹತ್ತಿರ ಬಂದದ್ದು. ಸಂಗೀತ ಸಂಯೋಜಕ ಕ್ಲೌದಿಯೊ ಮೊಂತೆವೆರ್ದಿ 1624ರಲ್ಲಿ ವೆನಿಸ್‌ನ ಜಿರೊಲಾಮೊ ಮೊಚೆನಿಗೊ ಮನೆಯಲ್ಲಿ ಇದನ್ನು ಹಾಡಿಸಿದ, 1638ರಲ್ಲಿ ಅಚ್ಚು ಹಾಕಿಸಿದ. ಒಬ್ಬ ಗಾಯಕ ಕತೆ ಹೇಳುತ್ತಾನೆ, ತಾಂಕ್ರೇದಿ ಮತ್ತು ಕ್ಲೊರಿಂದಾ ತಮ್ಮ ಮಾತು ಬಂದಾಗ ಮಾತ್ರ ಹಾಡುತ್ತಾರೆ. ಕೋಪ ತೋರಿಸಲು ತಂತಿ ವಾದ್ಯದಲ್ಲಿ ಒಂದೇ ಸ್ವರವನ್ನು ಹದಿನಾರು ಸಲ ಬೇಗಬೇಗ ನುಡಿಸಬೇಕು. ವಾದಕರಿಗೆ ಮೊದಮೊದಲು ಇದು ಹಾಸ್ಯವಾಗಿ ಕಂಡಿತು, ಒಂದೇ ಸಲ ನುಡಿಸಿ ಸುಮ್ಮನಾಗುತ್ತಿದ್ದರು ಎಂದು ಮೊಂತೆವೆರ್ದಿ ಮುನ್ನುಡಿಯಲ್ಲಿ ಬರೆದಿದ್ದಾನೆ. ಒಂದು ಕಡೆ ಕಮಾನು ಬಿಟ್ಟು ಎರಡು ಬೆರಳಲ್ಲಿ ತಂತಿ ಮೀಟಿ ಎಂಬ ಸೂಚನೆ ಇದೆ. ಕತ್ತಿ ಹಿಡಿಕೆಯ ಗುದ್ದಾಟ ಬರುವ ಜಾಗ ಅದು.

ವೆನಿಸ್‌ನ ದೋಣಿಯವರು ಕೂಡ ತಾಸ್ಸೋ ಪದ್ಯಗಳನ್ನು ಹಾಡುತ್ತಿದ್ದರು. ಗಯಟೆ 1786ರಲ್ಲಿ ಕೇಳಿ ಬರೆದಿದ್ದಾನೆ. ಈ ಕಾವ್ಯದ ಛಂದಸ್ಸು ಹಾಡುವುದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಷಟ್ಪದಿಗೆ ಆರು ಸಾಲು ಇದ್ದ ಹಾಗೆ ಅದಕ್ಕೆ ಎಂಟು. ಮೊದಲ ಆರು ಸಾಲಲ್ಲಿ ಎರಡು ಪ್ರಾಸ ಒಂದಾದ ಮೇಲೊಂದು ಬರುತ್ತವೆ. ಕೊನೆಯ ಎರಡು ಸಾಲಿಗೆ ಹೊಸ ಪ್ರಾಸ, ಅಲ್ಲಿ ಪದ್ಯ ಗಂಟು ಹಾಕಿಕೊಳ್ಳುತ್ತದೆ.

ಔಷಧಶಾಲೆ:

ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವವಳು. ಶೀರ್ಷಿಕೆಯಲ್ಲಿ ಹುಚ್ಚು ಎಂಬ ಪದ ನೋಡಿ ಬಂದೆ. ಪ್ರೇಮದ ಕತೆಯನ್ನು ಪಕ್ಕಕ್ಕಿಡುವುದು ಸರಿ. ಕಾಯಿಲೆಯನ್ನೂ ಜೊತೆಗೇ ಪಕ್ಕಕ್ಕಿಡಬೇಡಿ. ಅವನು ನಿಜವಾಗಿಯೂ ನರಳಿದ್ದಾನೆ.

1577ರ ಜೂನ್‌ನಲ್ಲಿ ದೊರೆಯ ಸೋದರಿ ಲುಕ್ರೇಸಿಯಾ ಎದುರೇ, ತನ್ನ ಮೇಲೆ ಗೂಢಚಾರಿಕೆ ಮಾಡುತ್ತಿದ್ದಾನೆಂದು ಒಬ್ಬ ಸೇವಕನ ಮೇಲೆ ಚಾಕು ಬೀಸಿದ. ಹಿಡಿದಿಟ್ಟರು. ತಪ್ಪಿಸಿಕೊಂಡು, ವೇಷ ಮರೆಸಿ, ಸೊರೆಂಟೊವರೆಗೂ ಹೋದ. ಅಕ್ಕ ಕೊರ್ನೇಲಿಯಾ ಮನೆಗೆ ಹೋಗಿ, ತಾನು ಯಾರೋ ದೂತ ಎಂಬಂತೆ, ನಿಮ್ಮ ತಮ್ಮನ ಜೀವಕ್ಕೆ ಅಪಾಯ ಇದೆ ಎಂದ. ಅವಳ ದುಃಖ ನೋಡಿದ ಮೇಲೇ ನಾನೇ ಅವನು ಎಂದು ಹೇಳಿದ್ದು. ಯಾರನ್ನೂ ನಂಬಲಾಗದ ಸ್ಥಿತಿ ಅದು. ಹೆತ್ತ ಮನೆಯ ಒಬ್ಬಳೇ ಒಬ್ಬಳನ್ನೂ ಪರೀಕ್ಷೆ ಮಾಡಿ ನೋಡಬೇಕಾಯಿತು.

1579ರ ಫೆಬ್ರವರಿಯಲ್ಲಿ ಫೆರಾರಾಕ್ಕೆ ಮರಳಿದ. ದೊರೆಯ ಮೂರನೇ ಮದುವೆಯ ಗಲಾಟೆ, ಯಾರೂ ಇವನನ್ನು ವಿಚಾರಿಸಲಿಲ್ಲ. ಎಲ್ಲರೆದುರು ಕೂಗಾಡಿದ. ಸಾಂತಾನ್ನಾ ಆಸ್ಪತ್ರೆಗೆ ಹಾಕಿದರು. ಹೊರಗೆ ಬಂದದ್ದು 1586ರ ಜುಲೈನಲ್ಲಿ, ಮಾಂತೊವಾ ರಾಜಕುಮಾರ ವಿಂಚೆನ್ಸೊ ಗೊನ್ಜಾಗಾ ಬಂದು ಬಿಡಿಸಿಕೊಂಡು ಹೋದಾಗ.

ಅಲ್ಲಿಂದ ವೈದ್ಯ ಜಿರೊಲಾಮೊ ಮೆರ್ಕುರಿಯಾಲೆಗೆ 1583ರಲ್ಲಿ ಬರೆದ ಪತ್ರದಲ್ಲಿ ಕಿವಿಯಲ್ಲೂ ತಲೆಯಲ್ಲೂ ಮೊರೆತ, ಹೊಟ್ಟೆ ನೋವು, ಬಿಡದೆ ಕಾಡುವ ಕಲ್ಪನೆಗಳು ಎಂದೆಲ್ಲ ಹೇಳಿಕೊಂಡಿದ್ದಾನೆ. ಕೋಣೆಯಲ್ಲಿ ಒಂದು ಕಿರುದೆವ್ವ ದುಡ್ಡು ಕದಿಯುತ್ತದೆ, ಪುಸ್ತಕ ಚೆಲ್ಲಾಪಿಲ್ಲಿ ಮಾಡುತ್ತದೆ ಎಂದು 1585ರಲ್ಲಿ ಬರೆದ. ನಾನು ಇದಕ್ಕೆ ಕಾಯಿಲೆಯ ಹೆಸರು ಇಡಲು ಹೋಗುವುದಿಲ್ಲ. ನಾನೂರು ವರ್ಷ ಆಚೆಯಿಂದ ಅದು ಆಗದ ಕೆಲಸ. ತನ್ನ ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದು ಸಹಾಯ ಕೇಳಿದ ರೋಗಿ ಅಂತ ಮಾತ್ರ ಹೇಳುತ್ತೇನೆ.

ಫ್ರೆಂಚ್ ಪ್ರಬಂಧಕಾರ ಮಾಂಟೇನ್ ಅವನನ್ನು ಫೆರಾರಾದಲ್ಲಿ ನೋಡಿದೆ ಎಂದು ಬರೆದಿದ್ದಾನೆ. ಕನಿಕರಕ್ಕಿಂತ ಬೇಸರ ಜಾಸ್ತಿಯಾಯಿತಂತೆ, ತನ್ನನ್ನೂ ತನ್ನ ಕೃತಿಗಳನ್ನೂ ಗುರುತಿಸದ ಸ್ಥಿತಿಯಲ್ಲಿ ಅವನಿದ್ದನಂತೆ. ಅದೇ ವರ್ಷಗಳ ಪತ್ರಗಳು ಬೇರೆ ಮಾತು ಹೇಳುತ್ತವೆ. ಅವುಗಳ ತುಂಬ ಅವನ ಕೃತಿಗಳದ್ದೇ ಚಿಂತೆ.

ಹಳೆಹೊತ್ತಗೆ:

ಔಷಧಶಾಲೆಯವರಿಗೆ ತುಂಬ ಥ್ಯಾಂಕ್ಸ್. ಆ ಚಿಂತೆಗೆ ಕಾರಣವೂ ಇತ್ತು. ಅವನು ಒಳಗೆ ಇದ್ದಾಗಲೇ ಕಾವ್ಯ ಕಳ್ಳತನದಲ್ಲಿ ಅಚ್ಚಾಯಿತು. 1580ರಲ್ಲಿ ವೆನಿಸ್‌ನಲ್ಲಿ ಮಲೆಸ್ಪೀನಿ ಎಂಬಾತ ತಪ್ಪುಗಳ ಸಮೇತ ಅರೆಬರೆ ಪ್ರತಿಯನ್ನು ಹೊರತಂದ. ಮರುವರ್ಷ ಇಂಜೆಞೇರಿ ಎಂಬಾತ ಇಡೀ ಕಾವ್ಯ ತಂದ. ನಾವು ಇವತ್ತು ಹೇಳುವ 'ಲಿಬೆರಾತಾ' ಎಂಬ ಹೆಸರು ಕೊಟ್ಟವನೂ ಇವನೇ. ಕವಿಯ ಅನುಮತಿ ಇಲ್ಲ, ಕವಿಗೆ ಕಾಸೂ ಇಲ್ಲ. ಯುರೋಪೆಲ್ಲ ಓದುತ್ತಿತ್ತು, ಅವನು ಆಸ್ಪತ್ರೆಯಿಂದ ಬಟ್ಟೆಬರೆಗೆ ಬೇಡಿಕೊಂಡು ಪತ್ರ ಬರೆಯುತ್ತಿದ್ದ.

ಆ ಕೋಣೆಯಲ್ಲಿ ಬರೆದ ಒಂದು ಸಾನೆಟ್ ನನಗೆ ಪ್ರಾಣ. ಆಸ್ಪತ್ರೆಯ ಬೆಕ್ಕುಗಳಿಗೆ ಬರೆದದ್ದು. ಬಿರುಗಾಳಿಯಲ್ಲಿ ಸಿಕ್ಕ ನಾವಿಕ ನಕ್ಷತ್ರ ನೋಡಲು ತಲೆ ಎತ್ತುವ ಹಾಗೆ, ಬೆಕ್ಕೇ, ನಿನ್ನ ಕಣ್ಣುಗಳ ಕಡೆ ತಿರುಗುತ್ತೇನೆ ಎನ್ನುತ್ತಾನೆ. ಅಷ್ಟರಲ್ಲಿ ಇನ್ನೊಂದು ಪುಟ್ಟ ಬೆಕ್ಕು ಕಾಣಿಸುತ್ತದೆ. ಆಕಾಶದ ದೊಡ್ಡ ಕರಡಿ, ಚಿಕ್ಕ ಕರಡಿ ಎರಡೂ ಸಿಕ್ಕವು ಎಂದು ಖುಷಿಪಡುತ್ತಾನೆ. ದೇವರು ನಿಮ್ಮನ್ನು ದೊಣ್ಣೆ ಏಟಿನಿಂದ ಕಾಪಾಡಲಿ, ಮಾಂಸ ಹಾಲು ಕೊಡಲಿ, ಈ ಪದ್ಯ ಬರೆಯಲು ನನಗೆ ಬೆಳಕು ಕೊಡಿ ಎಂದು ಕೇಳುತ್ತಾನೆ. ಏನನ್ನೂ ಗುರುತಿಸದ ಮನುಷ್ಯ ಬರೆಯುವ ಪದ್ಯ ಅಲ್ಲ ಅದು.

ತುಂಗಾತೀರ:

ದೊರೆ ಅಷ್ಟು ವರ್ಷ ಯಾಕೆ ಬಿಡಲಿಲ್ಲ ಎಂಬುದಕ್ಕೆ ಒಂದು ರಾಜಕೀಯ ಕಾರಣವೂ ಇದೆ. ಪ್ರೇಮಕತೆಗಿಂತ ಇದು ನಂಬುವಂಥದ್ದು.

ಫೆರಾರಾ ಪೋಪ್‌ನಿಂದ ಬಂದ ಸಂಸ್ಥಾನ. ಅಲ್ಫೊನ್ಸೊಗೆ ಮೂರು ಮದುವೆಯಾದರೂ ಮಕ್ಕಳಿಲ್ಲ. ವಾರಸುದಾರ ಇಲ್ಲದಿದ್ದರೆ ಊರು ಪೋಪ್ ಕೈಗೆ ಹೋಗುತ್ತದೆ. ಅವನ ತಾಯಿ ಫ್ರಾನ್ಸಿನ ರೆನೆ ಪೋಪ್ ವಿರೋಧಿ ಧರ್ಮಸುಧಾರಕ ಕ್ಯಾಲ್ವಿನ್‌ನ ಕಡೆಯವಳು ಎಂದು ಆ ಮನೆತನದ ಮೇಲೆ ರೋಮಿಗೆ ಮೊದಲೇ ಕಣ್ಣು. ಇಂಥ ಹೊತ್ತಲ್ಲಿ ಆಸ್ಥಾನ ಕವಿ ತಾನಾಗಿಯೇ ಇನ್‌ಕ್ವಿಸಿಷನ್ ಬಾಗಿಲಿಗೆ ಹೋದ. ನನ್ನ ನಂಬಿಕೆಯಲ್ಲಿ ತಪ್ಪಿದೆಯೋ ಏನೋ, ವಿಚಾರಣೆ ಮಾಡಿ ಎಂದ. ಏನೂ ತಪ್ಪಿಲ್ಲ ಎಂದು ಕಳಿಸಿದರೂ ಅವನಿಗೆ ಸಮಾಧಾನ ಇಲ್ಲ, ವಿಚಾರಣೆ ಸರಿಯಾಗಿ ಆಗಲಿಲ್ಲ ಅನ್ನುತ್ತಿದ್ದ. ಅರಮನೆಯ ಬೇರೆಯವರ ಬಗ್ಗೆಯೂ ಏನಾದರೂ ಹೇಳಿದರೆ? ದೊರೆಗೆ ಆ ಭಯ ಇದ್ದೇ ಇತ್ತು.

ಭಯಪಟ್ಟ ಹಾಗೇ ಆಯಿತು. ಅಲ್ಫೊನ್ಸೊ 1597ರಲ್ಲಿ ಸತ್ತ. ಮರುವರ್ಷ ಎಂಟನೇ ಕ್ಲೆಮೆಂಟ್ ಪೋಪ್ ಫೆರಾರಾವನ್ನು ತೆಗೆದುಕೊಂಡ.

ಹಳೆಹೊತ್ತಗೆ:

ತಾಸ್ಸೋಗೆ ಕವಿಕಿರೀಟ ಇಡಬೇಕೆಂದು ರೋಮಿಗೆ ಕರೆಸಿಕೊಂಡ ಪೋಪ್ ಕೂಡ ಇದೇ ಕ್ಲೆಮೆಂಟ್. ಅಷ್ಟು ಹೊತ್ತಿಗೆ ಕವಿ ತನ್ನ ಕಾವ್ಯವನ್ನು ಮೊದಲಿಂದ ತಿದ್ದಿ ಬರೆದು 1593ರಲ್ಲಿ 'ಜೆರುಸಲೆಮ್ಮೆ ಕೊನ್‌ಕ್ವಿಸ್ತಾತಾ' ಎಂದು ಅಚ್ಚು ಹಾಕಿಸಿದ್ದ. ಅರ್ಪಣೆ ಪೋಪ್‌ನ ಸೋದರಿಯ ಮಗ ಕಾರ್ಡಿನಲ್ ಚಿನ್ಸಿಯೊಗೆ. ಸೊಫ್ರೋನಿಯಾ ಹೋದಳು. ಎರ್ಮಿನಿಯಾ ಕುರುಬರ ನಡುವೆ ಇದ್ದು ಮರದ ತೊಗಟೆಯ ಮೇಲೆ ತಾಂಕ್ರೇದಿ ಹೆಸರು ಕೆತ್ತುವ ಪ್ರಸಂಗ ಹೋಯಿತು. ಎಲ್ಲ ಸೇರಿ ತನ್ನ ಕಾವ್ಯದ ಜೀವವನ್ನು ತಾನೇ ತೆಗೆದ.

ತುಂಗಾತೀರ:

ಇಲ್ಲಿ ನಾನು ಒಪ್ಪಲ್ಲ. ಎಲ್ಲವನ್ನೂ ಹೆದರಿಕೆ ಎಂದುಬಿಟ್ಟರೆ ಕವಿಗೆ ಅನ್ಯಾಯವಾಗುತ್ತದೆ. ಹೋಮರ್‌ನ ಹಾಗೆ 24 ಭಾಗ ಬೇಕು, ಚರಿತ್ರೆಗೆ ಹತ್ತಿರ ಇರಬೇಕು, ಕತೆ ಒಂದೇ ಎಳೆಯಲ್ಲಿ ಸಾಗಬೇಕು ಎಂಬುದು ಅವನು ಹುಡುಗನಾಗಿದ್ದಾಗಿನಿಂದ ಯೋಚಿಸಿದ ವಿಷಯ. ಕಾವ್ಯದ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದಾನೆ. ಹೊಸ ಕಾವ್ಯ ಹಳೆಯದಕ್ಕಿಂತ ಮೇಲು ಎಂದು ಸಾಯುವವರೆಗೂ ವಾದಿಸಿದ. ಯಾವ ಪೋಪೂ ಅವನ ಕೈ ಹಿಡಿದು ಬರೆಸಲಿಲ್ಲ. ಓದುಗರು ಹಳೆಯದನ್ನೇ ಉಳಿಸಿಕೊಂಡರು, ಅದು ಓದುಗರ ಹಕ್ಕು. ಅವನ ತೀರ್ಮಾನಕ್ಕೂ ಗೌರವ ಕೊಡಬೇಕು.

ಹಳೆಹೊತ್ತಗೆ:

ನಿಮ್ಮ ಮಾತಿನಲ್ಲಿ ತೂಕ ಇದೆ. ಅದು ಬರೀ ಹೆದರಿಕೆ ಅಲ್ಲ, ಅವನ ಸಿದ್ಧಾಂತವೂ ಹೌದು. ಆದರೆ ಆ ಎರಡನ್ನೂ ಅವನೊಳಗೆ ಬೇರೆ ಮಾಡಲು ನನಗೆ ಆಗುವುದಿಲ್ಲ. ಪಾಂಡಿತ್ಯವೇ ಅವನ ಒಳಗಿನ ವಿಚಾರಣಾಧಿಕಾರಿ ಆಗಿಬಿಟ್ಟಿತ್ತು.

ಕಡಲತಡಿ:

ಹೊರಗಿನ ಟೀಕೆಯೂ ಕಮ್ಮಿ ಇರಲಿಲ್ಲ. ತಾಸ್ಸೋಗಿಂತ ಹಿಂದಿನ ಕವಿ ಅರಿಯೊಸ್ತೊ ದೊಡ್ಡವನೋ ತಾಸ್ಸೋ ದೊಡ್ಡವನೋ ಎಂದು 1584ರಲ್ಲಿ ಪೆಲ್ಲೆಗ್ರೀನೊ ಎಂಬಾತ ಶುರು ಮಾಡಿದ ಜಗಳಕ್ಕೆ ಫ್ಲಾರೆನ್ಸಿನ ಕ್ರುಸ್ಕಾ ಎಂಬ ಭಾಷಾ ಅಕಾಡೆಮಿ ಇಳಿಯಿತು. ತಾಸ್ಸೋ ಆಸ್ಪತ್ರೆಯಿಂದಲೇ ಉತ್ತರ ಬರೆದ. ಗೆಲಿಲಿಯೊ ಕೂಡ ಅರಿಯೊಸ್ತೊ ಪಕ್ಷ. ತಾಸ್ಸೋನ ಮೇಲೆ ಅವನು ಬರೆದ ಟಿಪ್ಪಣಿಗಳು ಬಹಳ ಕಟು.

ನಮ್ಮ ಕರಾವಳಿಗೆ ಒಂದು ಕೊಂಡಿ ಇದೆ. ವಾಸ್ಕೊ ಡ ಗಾಮನಿಗೆ ಎಂದು ತಾಸ್ಸೋ ಒಂದು ಸಾನೆಟ್ ಬರೆದಿದ್ದಾನೆ. ಹಡಗಿನ ಪಟಗಳನ್ನು ಹೊಗಳುತ್ತಾ ಹೋಗಿ, ಗಾಮನ ಹೆಸರು ಅವನ ಹಡಗಿಗಿಂತ ದೂರ ಹೋಗುವಂತೆ ಮಾಡಿದ್ದು ಕವಿ ಲೂಯಿಸ್ ಎನ್ನುತ್ತಾನೆ. ಅಂದರೆ ಪೋರ್ಚುಗಲ್‌ನ ಕಮೊಯಿಂಶ್. ಗಾಮ 1498ರಲ್ಲಿ ವಾಪಸು ಹೋಗುವಾಗ ಹಡಗು ರಿಪೇರಿಗೆ ನಿಲ್ಲಿಸಿದ್ದು ಕಾರವಾರದ ಎದುರಿನ ಅಂಜದೀವಿನಲ್ಲಿ. ನಾವು ದಡದಿಂದ ನೋಡುವ ದ್ವೀಪ ಅದು. ಆ ಪ್ರಯಾಣ ನಮ್ಮ ಕಡೆಯವರಿಗೆ ಏನು ತಂದಿತು ಎಂಬುದು ತಾಸ್ಸೋಗೆ ತಿಳಿದಿರಲಿಲ್ಲ. ಅವನು ಹೊಗಳಿದ್ದು ಇನ್ನೊಬ್ಬ ಕವಿಯನ್ನು.

ಮಂಜಿನಹನಿ:

ಕಿರೀಟ ಇಟ್ಟರಾ ಕೊನೆಗೆ?

ಹಳೆಹೊತ್ತಗೆ:

ಇಲ್ಲ. ಅದಕ್ಕೆ ಮುಂಚೆಯೇ ಆರೋಗ್ಯ ಕೆಟ್ಟಿತು. ತಾನೇ ಕೇಳಿಕೊಂಡು ಜಾನಿಕುಲುಂ ಗುಡ್ಡದ ಸಾಂತೊನೊಫ್ರಿಯೊ ಮಠಕ್ಕೆ ಸೇರಿದ. ಅಲ್ಲಿಂದ ಗೆಳೆಯ ಆಂತೋನಿಯೊ ಕೊಸ್ತಾಂತೀನಿಗೆ ಬರೆದ ಕೊನೆಯ ಪತ್ರ ಪ್ರಸಿದ್ಧ. ತನ್ನ ತಾಸ್ಸೋ ಸತ್ತ ಸುದ್ದಿ ಕೇಳಿದಾಗ ನನ್ನ ಆಂತೋನಿಯೊ ಏನೆನ್ನುತ್ತಾನೋ ಎಂದು ಶುರುವಾಗುತ್ತದೆ. 1595ರ ಏಪ್ರಿಲ್ 25ರಂದು ತೀರಿಕೊಂಡ, 51 ವರ್ಷಕ್ಕೆ. 1823ರಲ್ಲಿ ಕವಿ ಲೆಯೊಪಾರ್ದಿ ಆ ಸಮಾಧಿ ನೋಡಿ ಅತ್ತ. ರೋಮಿನಲ್ಲಿ ತನಗೆ ಸಿಕ್ಕ ಮೊದಲ ಮತ್ತು ಒಂದೇ ಒಂದು ಸಂತೋಷ ಅದು ಎಂದು ತಮ್ಮ ಕಾರ್ಲೊಗೆ ಬರೆದ.

ಗಡಿನಾಡಿಗ:

ಓದಬೇಕು ಅನ್ನಿಸಿದೆ. ನನ್ನ ತಕರಾರು ಹಾಗೇ ಇದೆ, ಅದನ್ನು ಇಟ್ಟುಕೊಂಡೇ ಓದ್ತೀನಿ. ಇಂಗ್ಲಿಷಿನಲ್ಲಿ ಯಾವುದು ಒಳ್ಳೆಯದು?

ರಾಗಮಾಲೆ:

ಎಡ್ವರ್ಡ್ ಫೇರ್‌ಫ್ಯಾಕ್ಸ್ 1600ರಲ್ಲಿ ಮಾಡಿದ ಅನುವಾದ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸೊಗಸಾಗಿದೆ, ಆದರೆ ಭಾಷೆ ಹಳೆಯದು, ಅವನು ಸ್ವಂತದ್ದೂ ಸೇರಿಸುತ್ತಾನೆ. ಹೊಸದರಲ್ಲಿ ಆಂಥನಿ ಎಸೊಲೆನ್ ಅಥವಾ ಮ್ಯಾಕ್ಸ್ ವಿಕರ್ಟ್ ಅವರದು ನೋಡಿ, ಎರಡೂ ಪದ್ಯದಲ್ಲೇ ಇವೆ. ಗದ್ಯ ಸಾಕು ಅನ್ನುವುದಾದರೆ ರಾಲ್ಫ್ ನ್ಯಾಷ್. ಮೊದಲ ಸರ್ಗದಿಂದ ಹಿಡಿಯಬೇಡಿ, ಸೈನ್ಯದ ಪಟ್ಟಿಯಲ್ಲಿ ಸುಸ್ತಾಗುತ್ತದೆ. ಹನ್ನೆರಡು ಮತ್ತು ಹದಿಮೂರು ಓದಿ, ಆಮೇಲೆ ಎರ್ಮಿನಿಯಾಗಾಗಿ ಏಳು, ಅರ್ಮಿದಾ ತೋಟಕ್ಕಾಗಿ ಹದಿನಾರು. ಅಲ್ಲಿ ಒಂದು ಹಕ್ಕಿ ಗುಲಾಬಿಯ ಬಗ್ಗೆ ಹಾಡುತ್ತದೆ, ಅದನ್ನು ಬಿಡಬೇಡಿ. ನಿಮ್ಮ ತಕರಾರಿಗೆ ಬೇಕಾದದ್ದು ಹತ್ತೊಂಬತ್ತರಲ್ಲಿದೆ. ಓದಿ ಬಂದು ಇಲ್ಲೇ ಬರೆಯಿರಿ, ಅರ್ಮಿದಾ ಬಗ್ಗೆ ನನಗೂ ಇನ್ನೂ ಜಗಳ ಇದೆ.